ಖಾರೀಜ್ ಆದಾಕಿ

ಒಂದು ಶಬ್ದದ ಮೇಲೆ ಮನುಷ್ಯರಿಗೆ ಸಿಟ್ಟು ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ಬರುತ್ತದೆ ಎಂದೇ ಹೇಳುತ್ತೇನೆ. ನನಗೆ ನಲವತ್ತು ದಾಟಿ ವರ್ಷಗಳಾದವು, ಸಿಂಧನೂರಿನಲ್ಲಿ ನನ್ನದೇ ಮನೆ ಮಕ್ಕಳು ಇದ್ದಾರೆ. ಆದರೂ ಕಚೇರಿಯ ಕಿಟಕಿಯೊಳಗಿಂದ ಯಾರಾದರೂ ತಲೆ ಎತ್ತದೆ ‘ನಿಮ್ಮ ಅರ್ಜಿ ಖಾರೀಜ್ ಆಗೇತ್ರಿ’ ಎಂದರೆ ಸಾಕು, ಅರ್ಜಿಯ ಮಾತು ಹಿಂದೆ ಬಿದ್ದು ಮೈಯೆಲ್ಲ ಉರಿಯತೊಡಗುತ್ತದೆ. ನನ್ನ ಗಂಡನಿಗೆ ಇದು ಅರ್ಥವಾಗುವುದಿಲ್ಲ. ಅದೊಂದು ಕಚೇರಿ ಮಾತು, ನಿಜಾಮನ ಕಾಲದಿಂದ ನಮ್ಮ ಕಡೆ ಉಳಿದುಕೊಂಡದ್ದು ಎನ್ನುತ್ತಾನೆ. ಒಳಗೆ ತೆಗೆದುಕೊಂಡರೆ ದಾಖಲ್, ಹೊರಗೆ ಹಾಕಿದರೆ ಖಾರೀಜ್, ಅಷ್ಟೇ. ಅವನು ಹೇಳುವುದು ಸುಳ್ಳಲ್ಲ. ಅರ್ಜಿ ಖಾರೀಜ್ ಆಗುತ್ತದೆ. ಒಡೆಯನ ಕೈತಪ್ಪಿ ಸರಕಾರಕ್ಕೆ ಸೇರಿದ ಹೊಲವೂ ಖಾರೀಜ್ ಆಗುತ್ತದೆ. ಆದರೆ ನಾನು ಹುಟ್ಟಿ ಬೆಳೆದ ಮನೆಯಲ್ಲಿ ಮನುಷ್ಯರು ಖಾರೀಜ್ ಆಗುತ್ತಿದ್ದರು. ಮಾಡುತ್ತಿದ್ದವನು ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ.

ಬಳಗಾನೂರಿನ ಬಸ್ಸು ಹಿಡಿದು ಕಾಲುವೆಯ ಹತ್ತಿರ ಇಳಿದು ನಡೆದರೆ ಸಿಗುತ್ತಿದ್ದ ಊರು ನಮ್ಮದು. ಮನೆ ಮಣ್ಣಿನ ಮಾಳಿಗೆಯದು. ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಒಳ ಅಂಗಳ, ಆಮೇಲೆ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ದೇವರ ಜಗಲಿ, ಕೊನೆಗೆ ಹೊಗೆ ಹಿಡಿದು ಕರ್ರಗಾದ ಅಡುಗೆಮನೆ. ಪಡಸಾಲೆಯ ನಡುಗಂಬ ಮುತ್ಯಾನ ಜಾಗ. ಬೆಳಿಗ್ಗೆ ಅಲ್ಲಿಯೇ ಹಣೆತುಂಬ ವಿಭೂತಿ ಹಚ್ಚಿ ಲಿಂಗಪೂಜೆ ಮಾಡುತ್ತಿದ್ದ, ಮಧ್ಯಾಹ್ನ ಅಲ್ಲಿಯೇ ಅಡ್ಡಣಿಗೆಯ ಮೇಲೆ ಗಂಗಾಳ ಇಟ್ಟುಕೊಂಡು ಉಣ್ಣುತ್ತಿದ್ದ, ಸಂಜೆ ಅಲ್ಲಿಯೇ ಕೂತು ಮನೆಯವರ ತಕರಾರು ಕೇಳುತ್ತಿದ್ದ. ತಕರಾರು ಎನ್ನುವುದೂ ಅವನದೇ ಮಾತು. ವಯಸ್ಸಿನಲ್ಲಿ ಹೊಲದ ವ್ಯಾಜ್ಯಕ್ಕಾಗಿ ಲಿಂಗಸುಗೂರಿನ ಕಚೇರಿಗೆ ವರ್ಷಗಟ್ಟಲೆ ಅಲೆದು, ಅಲ್ಲಿನ ಶಬ್ದಗಳನ್ನೆಲ್ಲ ಮನೆಗೆ ಹೊತ್ತು ತಂದಿದ್ದ. ನಾನೂ ನನ್ನ ತಮ್ಮನೂ ಜಗಳವಾಡಿದರೆ ನಾನು ಫಿರ್ಯಾದಿ. ಸುಳ್ಳು ಹೇಳಿದರೆ, ಉಣ್ಣುವಾಗ ನಕ್ಕರೆ, ರೊಟ್ಟಿ ಬಿಟ್ಟು ಎದ್ದರೆ ಖಾರೀಜ್. ಖಾರೀಜ್ ಆದವರಿಗೆ ಊಟ ತಪ್ಪುತ್ತಿರಲಿಲ್ಲ, ಮುತ್ಯಾ ಅಷ್ಟು ಕೆಟ್ಟವನಲ್ಲ. ತಪ್ಪುತ್ತಿದ್ದುದು ಮಾತು. ಆ ದಿನವೆಲ್ಲ ನಾವು ಏನು ಕೇಳಿದರೂ ಯಾರೂ ಉತ್ತರ ಕೊಡುವಂತಿಲ್ಲ, ತಮ್ಮ ನನ್ನ ಜಡೆ ಹಿಡಿದು ಜಗ್ಗಿದರೂ ನನ್ನ ದೂರು ಕೇಳುವವರಿಲ್ಲ. ಅದು ಗೊತ್ತಿದ್ದೇ ತಮ್ಮ ಆ ದಿನ ಹುಡುಕಿಕೊಂಡು ಬಂದು ಜಗ್ಗುತ್ತಿದ್ದ. ನಾನು ಪಡಸಾಲೆಯ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದರೂ ಮುತ್ಯಾ ಎಲೆ ಅಡಿಕೆ ಮೆಲ್ಲುತ್ತ ಮಾಳಿಗೆಯ ಜಂತಿಗಳನ್ನು ನೋಡುತ್ತಿದ್ದ.

ಅವ್ವನ ಹೆಸರು ನೀಲವ್ವ. ಮನೆಯಲ್ಲಿ ಅವಳಿಗೆ ಖಾರೀಜ್ ಆಗುವ ಪ್ರಸಂಗವೇ ಬಂದಿರಲಿಲ್ಲ, ಏಕೆಂದರೆ ಅವಳನ್ನು ಯಾರೂ ಏನೂ ಕೇಳುತ್ತಲೇ ಇರಲಿಲ್ಲ. ನಸುಕಿನಲ್ಲಿ ಎದ್ದು ಒಲೆ ಮುಂದೆ ಕೂತರೆ ಒಂದು ಬುಟ್ಟಿ ಜೋಳದ ರೊಟ್ಟಿ ತಟ್ಟಿಯೇ ಏಳುತ್ತಿದ್ದಳು. ಭತ್ತದ ನಾಟಿಯ ದಿನಗಳಲ್ಲಿ ಕೆಳಗಿನ ಓಣಿಯ ಕೂಲಿ ಹೆಂಗಸರ ಜೊತೆ ತಾನೂ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿಯುತ್ತಿದ್ದಳು. ಗೌಡರ ಸೊಸೆ ಗದ್ದೆಗೆ ಇಳಿಯುವುದು ಮುತ್ಯಾನಿಗೆ ಸೇರುತ್ತಿರಲಿಲ್ಲ, ಆದರೆ ಕೆಲಸ ಬೇಗ ಮುಗಿಯುತ್ತಿದ್ದುದರಿಂದ ನೋಡಿಯೂ ನೋಡದಂತೆ ಇರುತ್ತಿದ್ದ. ಆ ಸಲ ಪಂಚಾಯ್ತಿಯಲ್ಲಿ ನಮ್ಮ ಕಡೆಯ ಜಾಗ ಹೆಂಗಸರಿಗೆ ಮೀಸಲಾಯಿತು. ಮುತ್ಯಾ ಮೊದಲ ಸಲ ಅಡುಗೆಮನೆಯ ಹೊಸ್ತಿಲ ತನಕ ಬಂದು, ನೀನು ನಿಲ್ಲಬೇಕು ಎಂದು ಹೇಳಿ ಹೋದ. ಅವ್ವ ಹಿಟ್ಟಿನ ಕೈಯಲ್ಲೇ ತಲೆಯಾಡಿಸಿದಳು. ಗೆದ್ದಳು. ಸಭೆಗೆ ಹೋಗುವಾಗ ಮುತ್ಯಾ ಮುಂದೆ, ಅವಳು ಹಿಂದೆ. ಅಲ್ಲಿ ಮುತ್ಯಾ ಕುರ್ಚಿಯ ಮೇಲೆ ಕೂತು ಮಾತಾಡುತ್ತಿದ್ದ, ಸದಸ್ಯೆಯಾದ ಅವಳು ಗೋಡೆಗೆ ಒರಗಿ ಸೆರಗು ಹೊದ್ದು ಕೂತಿರುತ್ತಿದ್ದಳು. ಯಾರಿಗೂ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನನಗೂ ಕಾಣಲಿಲ್ಲ.

ರಾದ್ಧಾಂತ ಶುರುವಾದದ್ದು ನೀರಿನ ಪೈಪಿನಿಂದ. ಕಾಲುವೆಯಿಂದ ಕೆರೆಗೆ, ಕೆರೆಯಿಂದ ಟಾಕಿಗೆ ನೀರು ಏರಿಸಿ ಮೇಲಿನ ಓಣಿಗೆ ನಳ ಹಾಕಿಸಿದ್ದರು. ಹೊಸದಾಗಿ ಇನ್ನೊಂದು ಪೈಪು ಮಂಜೂರಾಯಿತು. ಅದನ್ನು ನಮ್ಮ ಕಣದ ಕಡೆ ಎಳೆಸಬೇಕೆಂದು ಮುತ್ಯಾನ ಲೆಕ್ಕ. ಅಲ್ಲಿ ದನಗಳ ಕೊಟ್ಟಿಗೆ ಕಟ್ಟಿಸುವ ಆಸೆ ಅವನಿಗೆ. ಕೆಳಗಿನ ಓಣಿಯವರಿಗೆ ನಳವೇ ಇರಲಿಲ್ಲ. ಗದ್ದೆಗಳಿಂದ ಔಷಧಿ ಬಸಿದು ಬರುವ ಕಾಲುವೆಯ ನೀರನ್ನೇ ಕೊಡಗಳಲ್ಲಿ ಹೊತ್ತು ಸೋಸಿ ಕುಡಿಯುತ್ತಿದ್ದರು. ಆ ಓಣಿಯ ಹುಲಿಗೆವ್ವ ಅವ್ವನ ಜೊತೆ ಸಾಲಿನಲ್ಲಿ ನಿಂತು ನಾಟಿ ಹಚ್ಚುವವಳು. ಅವಳ ಮೊಮ್ಮಗು ವಾಂತಿ ಭೇದಿಯಾಗಿ ಸಿಂಧನೂರಿನ ದವಾಖಾನೆಗೆ ಹೋಗಿ ಹೇಗೋ ಬದುಕಿ ಬಂದಿತ್ತು. ಅವ್ವ ಅವಳಿಗೆ ಗದ್ದೆಯಲ್ಲೇ ಮಾತು ಕೊಟ್ಟಿದ್ದಳಂತೆ, ಇದು ನಮಗೆ ಆಮೇಲೆ ತಿಳಿಯಿತು. ಸಭೆಯಲ್ಲಿ ಪೈಪು ಕೆಳಗಿನ ಓಣಿಗೆ ಎನ್ನುವವರು ಕೈ ಎತ್ತಿರಿ ಎಂದಾಗ ಗೋಡೆಯ ಹತ್ತಿರದಿಂದ ಬಳೆಯ ಸದ್ದಾಯಿತು. ಮುತ್ಯಾ ಹೊರಳಿ ನೋಡಿದ. ಸೊಸೆ ತಲೆ ತಗ್ಗಿಸಿಯೇ ಕೂತಿದ್ದಳು, ಕೈ ಮಾತ್ರ ಮೇಲಿತ್ತು. ಪೈಪು ಕೆಳಗಿನ ಓಣಿಗೆ ಹೋಯಿತು.

ಆ ಸಂಜೆ ಮುತ್ಯಾ ಎಲ್ಲರನ್ನೂ ಪಡಸಾಲೆಗೆ ಕರೆದ. ಆಯಿ, ಅಂದರೆ ನನ್ನ ಅಜ್ಜಿ, ಮೊಣಕಾಲು ಹಿಡಿದುಕೊಂಡು ಬಂದು ಕಂಬಕ್ಕೆ ಒರಗಿದಳು. ಅಪ್ಪ ಹೊಲದಿಂದ ಬಂದವನು ಕಾಲು ತೊಳೆಯದೆ ಹಾಗೇ ನಿಂತ. ಅವ್ವ ಜಗಲಿಯ ಬಾಗಿಲಲ್ಲಿ ನಿಂತಳು. ಮುತ್ಯಾ ಕೂಗಾಡುತ್ತಾನೆ ಎಂದು ನಾನು ತಮ್ಮನ ಕೈ ಹಿಡಿದುಕೊಂಡಿದ್ದೆ. ಅವನು ಕೂಗಾಡಲಿಲ್ಲ. ಲಿಂಗಸುಗೂರಿನಲ್ಲಿ ಕೇಳಿಸಿಕೊಂಡಿದ್ದ ದನಿಯಲ್ಲಿ, ಯಾರ ಮುಖವನ್ನೂ ನೋಡದೆ ಹೇಳಿದ.

“ಇವತ್ತಿನಿಂದ ಈ ಮನ್ಯಾಗ ಈಕಿ ಖಾರೀಜ್. ಈಕಿನ್ನ ಯಾರೂ ಏನೂ ಕೇಳಬ್ಯಾಡ್ರಿ. ಈಕಿ ಹೇಳಿದ್ದನ್ನೂ ಯಾರೂ ಕೇಳಬ್ಯಾಡ್ರಿ.”

ಅಪ್ಪ ಏನಾದರೂ ಅನ್ನಬಹುದೆಂದು ನಾನು ಕಾದೆ. ಅಪ್ಪ ಕಾಲು ತೊಳೆಯಲು ಹೋದ. ಈಗಲೂ ಅಪ್ಪನನ್ನು ನೆನೆದರೆ ನನ್ನ ಕಣ್ಣ ಮುಂದೆ ಬರುವುದು ಆ ಬೆನ್ನು. ಒಳ್ಳೆಯ ಮನುಷ್ಯ, ಒಂದು ಇರುವೆಗೂ ಕೆಟ್ಟದ್ದು ಮಾಡಿದವನಲ್ಲ, ಆದರೆ ಮನೆಯಲ್ಲಿ ಮಾತು ಬೇಕಾದಾಗಲೆಲ್ಲ ಅವನಿಗೆ ಕಾಲು ತೊಳೆಯುವುದಿರುತ್ತಿತ್ತು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಹೊಗೆ ಇರಲಿಲ್ಲ. ಅವ್ವ ಮಿಂದು, ಜಗಲಿಗೆ ಕೈಮುಗಿದು, ಹಿತ್ತಲಿನ ಕಟ್ಟೆಯ ಮೇಲೆ ಕೂತು ನನ್ನ ತಲೆ ಬಾಚುತ್ತಿದ್ದಳು. ಮುತ್ಯಾನ ಪೂಜೆ ಮುಗಿದು ಅಡ್ಡಣಿಗೆ ಹಾಕಿ ಕೂತಾಗಿತ್ತು. ಆಯಿ ಕುಂಟುತ್ತ ಹಿತ್ತಲಿಗೆ ಬಂದು ಇದೇನು ನೀಲವ್ವ, ರೊಟ್ಟಿ ಎಲ್ಲಿ ಎಂದು ಕೇಳಿದಳು. ಅವ್ವ ಬಾಚಣಿಗೆ ನಿಲ್ಲಿಸಲಿಲ್ಲ.

“ಅತ್ತಿ, ಖಾರೀಜ್ ಆಗಿದ್ದ ಹೊಲ ಯಾರರ ಹರಗತಾರೇನ್ರಿ? ಬೀಳು ಬಿಡ್ತಾರ. ನನ್ನೂ ಬೀಳು ಬಿಟ್ಟಾರಂತ ತಿಳಕೊಳ್ರಿ.”

ನಮ್ಮ ಮನೆಯ ಕಷ್ಟ ಅಲ್ಲಿಂದ ಶುರು. ಆಯಿಯ ಬೆರಳುಗಳು ಸೊಟ್ಟಗಾಗಿದ್ದವು, ಅವಳು ತಟ್ಟಿದ ರೊಟ್ಟಿ ಅಂಗೈ ದಪ್ಪ, ನಡುವೆ ಹಸಿ. ಮುತ್ಯಾ ಅದನ್ನು ಪುಂಡಿಪಲ್ಲೆಯಲ್ಲಿ ಅದ್ದಿ ಅದ್ದಿ ನುಂಗುತ್ತಿದ್ದ. ಅಪ್ಪ ಸಿಂಧನೂರಿಗೆ ಹೋದಾಗಲೆಲ್ಲ ಖಾನಾವಳಿಯಿಂದ ಖಡಕ್ ರೊಟ್ಟಿಯ ಗಂಟು ಕಟ್ಟಿಕೊಂಡು ಬರುತ್ತಿದ್ದ. ಅದನ್ನು ಮುರಿಯುವ ಸದ್ದಿಗೆ ಬೆಕ್ಕು ಎದ್ದು ಓಡುತ್ತಿತ್ತು. ಅವ್ವ ನನಗೂ ತಮ್ಮನಿಗೂ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅನ್ನ ಮಾಡಿ ಶೇಂಗಾ ಹಿಂಡಿ ಕಲಸಿ ಕೊಡುತ್ತಿದ್ದಳು. ಆಯಿಗೂ ಒಂದು ಮುಚ್ಚಳದಲ್ಲಿ ಇಟ್ಟಿರುತ್ತಿದ್ದಳು. ಆಯಿ ಗಂಡನ ಕಣ್ಣು ತಪ್ಪಿಸಿ ಹಿತ್ತಲಿಗೆ ಬಂದು ಉಂಡು, ಬಾಯಿ ಒರೆಸಿಕೊಂಡು, ಒಳಗೆ ಹೋಗಿ ಗಂಡನ ಜೊತೆ ಸೇರಿ ಸೊಸೆಯನ್ನು ಬೈಯುತ್ತಿದ್ದಳು.

ಎಲ್ಲಕ್ಕಿಂತ ರೇಜಿಗೆ ಆಗಿದ್ದು ನನಗೆ. ಖಾರೀಜ್ ಆದವಳ ಜೊತೆ ಮುತ್ಯಾ ಮಾತಾಡುವಂತಿಲ್ಲ, ಆದರೆ ಅವನಿಗೆ ಬೇಕಾದದ್ದೆಲ್ಲ ಅವಳು ಇಟ್ಟ ಜಾಗದಲ್ಲೇ ಇತ್ತು. ವಿಭೂತಿಯ ಗಟ್ಟಿ ಎಲ್ಲಿ, ಬೆನ್ನಿಗೆ ಹಚ್ಚುವ ಎಣ್ಣೆ ಎಲ್ಲಿ, ಒಗೆದ ಧೋತರ ಎಲ್ಲಿ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ನಾನು ಓಡಬೇಕು. ಒಬ್ಬರ ದನಿ ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ಮುತ್ಯಾ ‘ಕೇಳಿಕೊಂಡು ಬಾ’ ಎನ್ನುತ್ತಿದ್ದ, ಅವ್ವ ‘ಹೇಳಿ ಬಾ’ ಎನ್ನುತ್ತಿದ್ದಳು. ಎಣ್ಣೆಯ ಸೀಸೆ ಗೋಡೆಯ ಮಾಡಿನಲ್ಲಿದೆ ಎಂದು ಅವ್ವ ಹೇಳಿದ್ದನ್ನು ಕಿವಿಯಾರೆ ಕೇಳಿಯೂ ನಾನು ಬಂದು ಹೇಳುವ ತನಕ ಮುತ್ಯಾ ಕೈ ಚಾಚುತ್ತಿರಲಿಲ್ಲ. ಸಾಲೆಗೆ ಹೊತ್ತಾಗುತ್ತಿತ್ತು, ಮಾಸ್ತರರ ಬೆತ್ತ ಬೇರೆ. ಒಂದು ದಿನ ನನಗೆ ತಡೆಯಲಾಗಲಿಲ್ಲ. ಅಂಗಳದ ನಡುವೆ ಪಾಟಿಚೀಲ ಒಗೆದು, ನಾನೂ ಖಾರೀಜ್, ಇನ್ನು ಯಾರ ಮಾತನ್ನೂ ಯಾರಿಗೂ ಹೇಳುವುದಿಲ್ಲ ಎಂದು ಕೂಗಿಬಿಟ್ಟೆ. ಮುತ್ಯಾನಿಗೆ ನಗು ಬಂತು. ಅವ್ವನಿಗೆ ಬರಲಿಲ್ಲ. ಅವಳು ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ ಕೆನ್ನೆಗೆ ಒಂದು ಬಾರಿಸಿದಳು. ಅವಳು ಅದುವರೆಗೆ ನನಗೆ ಹೊಡೆದವಳಲ್ಲ. ಹೊಡೆದು ಕಟ್ಟೆಯ ಮೇಲೆ ಕೂತಳು.

“ನಿನಗ ಅದು ಆಟ ಆಗೇತಿ. ‘ಇನ್ನ ನಿನ್ನ ದಾಖಲ್ ಗಂಡನ ಮನ್ಯಾಗ’ ಅಂತ ಹೇಳಿ ತವರಮನ್ಯಾಗ ನನ್ನ ಹೆಸರು ತಗದ್ರು. ಇಲ್ಲಿ ಇವರು ತಗದ್ರು. ನಾ ಎಲ್ಲಿ ದಾಖಲ್ ಆಗ್ಲಿ, ನೀನ ಹೇಳು.”

ಅಲ್ಲಿಯ ತನಕ ನಾನು ಅವ್ವ ಮುತ್ಯಾನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾಳೆ, ಒಳಗೊಳಗೇ ಖುಷಿಯಾಗಿದ್ದಾಳೆ ಎಂದುಕೊಂಡಿದ್ದೆ. ಒಲೆ ಹಚ್ಚದ ಹೆಂಗಸಿಗೆ ತನ್ನ ಕೈ ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ ಎನ್ನುವುದು ಆಗ ಕಂಡಿತು. ಅವಳು ನನ್ನ ಕೆನ್ನೆ ಸವರಿ, ಚೀಲ ಜಾಡಿಸಿ ಹೆಗಲಿಗೆ ಹಾಕಿ ಸಾಲೆಗೆ ಕಳಿಸಿದಳು.

ಮುತ್ಯಾನ ಸಿಟ್ಟು ಅಷ್ಟಕ್ಕೆ ತಣಿಯಲಿಲ್ಲ. ಮನೆಯಲ್ಲಿ ಖಾರೀಜ್ ಆದವಳು ಪಂಚಾಯ್ತಿಯಲ್ಲಿ ಮಾತ್ರ ದಾಖಲ್ ಆಗಿರುವುದು ಅವನಿಗೆ ಸಹಿಸಲಾಗಲಿಲ್ಲ. ಸೂಟಿಯ ಒಂದು ದಿನ ನನ್ನನ್ನು ಕರೆದುಕೊಂಡು ಲಿಂಗಸುಗೂರಿಗೆ ಹೊರಟ. ಬಸ್ಸಿನ ಬೋರ್ಡು ಓದಲು ಅವನಿಗೆ ನನ್ನ ಕಣ್ಣು ಬೇಕಾಗಿತ್ತು. ಅಲ್ಲಿ ವಕೀಲ ಗುಂಡೇರಾಯರು ಎಂಬುವವರು ಇದ್ದರು, ಹಳೆಯ ವ್ಯಾಜ್ಯದ ಕಾಲದಿಂದ ಮುತ್ಯಾನ ಪರಿಚಯ. ಮುತ್ಯಾ ಎಲ್ಲವನ್ನೂ ಹೇಳಿ, ಸೊಸೆಯ ಸದಸ್ಯತ್ವ ಖಾರೀಜ್ ಮಾಡಿಸಬೇಕು ಎಂದ. ಯಾರೋ ಹೇಳಿದ ಕಡೆ ಕೈ ಎತ್ತಲಿಲ್ಲ ಅಂತ ಸದಸ್ಯತ್ವ ತೆಗೆಯಲು ಬರುವುದಿಲ್ಲ, ಆ ಹಕ್ಕು ಅವಳದು, ನಿಮ್ಮದಲ್ಲ ಎಂದು ವಕೀಲರು ಬಿಡಿಸಿ ಹೇಳಿದರು. ಮುತ್ಯಾ ಕೇಳಲಿಲ್ಲ. ಮನೆಯಲ್ಲಿ ಆಗಲೇ ಖಾರೀಜ್ ಮಾಡಿಯಾಗಿದೆ ಎಂದ.

“ಅರ್ಜಿ ಖಾರೀಜ್ ಆಗ್ತದ, ಹೊಲ ಖಾರೀಜ್ ಆಗ್ತದ. ಮನುಷ್ಯಾನ್ನ ಖಾರೀಜ್ ಮಾಡೂದು ಯಾವ ಕಾಯ್ದೇದಾಗ ಅದ ಗೌಡ್ರ?”

“ಮನಿ ಕಾಯ್ದೇದಾಗ.”

“ಹಂಗಾರ ಮನೀಗೇ ಹೋಗ್ರಿ. ಇಲ್ಲಿಗ್ಯಾಕ ಬಂದ್ರಿ?”

ವಕೀಲರು ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಅವರಿಗೆ ಮಾತಿನ ಚಟ. ಅನರ್ಹತೆ ಎಂದರೆ ಏನು, ಯಾರು ಯಾರು ಅನರ್ಹರಾಗುತ್ತಾರೆ ಎಂದು ಚಹಾ ತಣ್ಣಗಾಗುವ ತನಕ ಹೇಳುತ್ತಲೇ ಹೋದರು. ಬುದ್ಧಿ ಭ್ರಮಣೆಯಾದವರು, ಶಿಕ್ಷೆಯಾದವರು, ಆಮೇಲೆ ಹೇಳದೆ ಕೇಳದೆ ಸಾಲಾಗಿ ಸಭೆ ತಪ್ಪಿಸಿದವರು. ಕೊನೆಯ ಮಾತಿಗೆ ಮುತ್ಯಾನ ತಲೆ ಎದ್ದಿತು. ಅವನು ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡ. ವಕೀಲರು ಸಂತೋಷದಿಂದ ಇನ್ನೊಮ್ಮೆ ಹೇಳಿದರು. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಹುಡುಗಿಯಾದ ನನಗೇ ತಿಳಿಯಿತು, ಅಷ್ಟು ಓದಿದ ವಕೀಲರಿಗೆ ತಿಳಿಯಲಿಲ್ಲ.

ಬರುವಾಗ ಮಸ್ಕಿಯಲ್ಲಿ ಬಸ್ಸು ನಿಂತಿತು. ಮುತ್ಯಾ ಒಗ್ಗರಣೆ ಮಂಡಾಳ, ಮಿರ್ಚಿ ಕೊಡಿಸಿದ. ಅವನು ಖುಷಿಯಲ್ಲಿದ್ದ. ಆ ಖುಷಿಯಲ್ಲೇ, ಕೇಳದಿದ್ದರೂ, ತನ್ನ ಅಪ್ಪನ ಕತೆ ಹೇಳಿದ. ಹೊಲದ ವಿಚಾರಣೆಯ ದಿನ ಹಳ್ಳ ತುಂಬಿ ಬಂದು ಅವನಪ್ಪ ದಡದಲ್ಲೇ ಸಿಕ್ಕಿಬಿದ್ದನಂತೆ. ಮುಂಚೆಯೇ ಕಚೇರಿಗೆ ಹೋಗಿ ಕೂತಿದ್ದ, ಆಗಿನ್ನೂ ಹುಡುಗನಾಗಿದ್ದ ಮುತ್ಯಾನ ಎದುರಿಗೇ ಜವಾನ ಹೊರಗೆ ಬಂದು ಅಪ್ಪನ ಹೆಸರು ಕೂಗಿ, ಓ ಎನ್ನುವವರಿಲ್ಲದ್ದು ನೋಡಿ ಒಳಗೆ ಹೋದ. ಹೊಲ ಖಾರೀಜ್ ಆಯಿತು. ಆಮೇಲೆ ಅವನಪ್ಪನನ್ನು ಊರಲ್ಲಿ ಯಾವ ಮಾತಿಗೂ ಯಾರೂ ಕರೆಯಲಿಲ್ಲ. ಮನೆಯಲ್ಲೂ ಕೇಳುವುದು ಬಿಟ್ಟರು. ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದನಂತೆ. ಆ ಹೊಲ ಬಿಡಿಸಿಕೊಳ್ಳಲು ಮುತ್ಯಾ ಅರ್ಧ ಆಯುಷ್ಯ ಅಲೆದಿದ್ದ. ನನ್ನ ಬಾಯಲ್ಲಿ ಮಿರ್ಚಿ ಹಾಗೇ ಉಳಿಯಿತು. ಇಷ್ಟೆಲ್ಲ ಗೊತ್ತಿದ್ದವನು ಅವ್ವನಿಗೆ ಯಾಕೆ ಹೀಗೆ ಮಾಡಿದಿ ಎಂದು ಕೇಳಿದೆ. ಮುತ್ಯಾ ನನ್ನನ್ನು ಒಂದು ಗಳಿಗೆ ನೋಡಿದ.

“ತಿನ್ನು. ಬಸ್ ಬಿಡ್ತಾನ.”

ಮನೆಗೆ ಬಂದ ಮೇಲೆ ಅವನು ಯಾರಿಗೂ ಏನೂ ಹೇಳಲಿಲ್ಲ. ಮುಂದಿನ ಸಭೆಯ ದಿನ ಬೆಳಿಗ್ಗೆ ಹೊರಸು ಎತ್ತಿಸಿ ತಲೆಬಾಗಿಲಿಗೆ ಅಡ್ಡ ಹಾಕಿಸಿ ಅದರ ಮೇಲೆ ಮಲಗಿದ. ಬೆನ್ನು ನೋವು, ಗಾಳಿ ಬೇಕು ಎಂದ. ಹಿತ್ತಲಿಗೆ ಬೇರೆ ಬಾಗಿಲಿರಲಿಲ್ಲ. ಮಲಗಿದ ಹಿರಿಯರನ್ನು ದಾಟಿ ಹೋಗುವ ಸೊಸೆ ನಮ್ಮ ಕಡೆ ಇನ್ನೂ ಹುಟ್ಟಿರಲಿಲ್ಲ. ನಾನು ಅವ್ವನಿಗೆ ಲಿಂಗಸುಗೂರಿನ ಮಾತೆಲ್ಲ ಮುಂಚೆಯೇ ಹೇಳಿದ್ದೆ. ಅವಳು ಒಗೆದ ಸೀರೆ ಉಟ್ಟು, ತಲೆ ಬಾಚಿ, ಅಂಗಳದ ಆಚೆ ಬದಿಯಲ್ಲಿ ಕೂತಳು. ದಾಟಲಿಲ್ಲ, ಬೇಡಲೂ ಇಲ್ಲ. ಅಪ್ಪ ಎತ್ತು ಬಿಚ್ಚುವ ನೆಪದಲ್ಲಿ ಎರಡು ಸಲ ಹೊರಸಿನ ತನಕ ಬಂದು ತಿರುಗಿ ಹೋದ. ನನಗೆ ಇಬ್ಬರನ್ನೂ ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತಿತ್ತು.

ಹೊತ್ತೇರಿದಾಗ ಕೆಳಗಿನ ಓಣಿಯಿಂದ ಹುಲಿಗೆವ್ವ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಪೈಪಿನ ಕೆಲಸ ಯಾವಾಗ ಶುರುವಾಗಬೇಕು ಎನ್ನುವುದು ಅವತ್ತು ತೀರ್ಮಾನ ಆಗುವುದಿತ್ತು. ಅವಳು ಬಾಗಿಲ ಹೊರಗೆ ನಿಂತು, ಸೊಸೆಯನ್ನು ಕಳಿಸಿರಿ ಎಂದು ಮುತ್ಯಾನನ್ನು ಕೇಳಿಕೊಂಡಳು. ಅವಳು ಈ ಮನೆಯಲ್ಲಿ ಖಾರೀಜ್ ಆಗಿದ್ದಾಳೆ, ಅವಳಿಗೆ ನಾನು ಮಾತು ಹೇಳುವಂತಿಲ್ಲ ಎಂದು ಮುತ್ಯಾ ಕಣ್ಣು ಮುಚ್ಚಿಯೇ ಉತ್ತರಿಸಿದ. ಹುಲಿಗೆವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದೆ ಕೇಳುವವಳ ಹಾಗಿತ್ತು.

“ಆಕಿ ನಿಮ್ಮಾಕಿ ಅಲ್ಲಂದ್ರ, ಹೋಗಬ್ಯಾಡ ಅನ್ನಾಕ ನೀವರ ಯಾರ್ರಿ ಯಪ್ಪಾ?”

ಮುತ್ಯಾ ಕಣ್ಣು ತೆರೆದ. ಕೂಲಿ ಹೆಂಗಸೊಬ್ಬಳು ಅವನ ಬಾಗಿಲಲ್ಲಿ ಹೀಗೆ ಮಾತಾಡಿದ್ದು ಹಿಂದೆ ಎಂದೂ ಆಗಿರಲಿಲ್ಲ. ಬೈಯುತ್ತಾನೆ ಎಂದುಕೊಂಡೆ. ಅವನು ಬೈಯಲು ಬಾಯಿ ತೆರೆದದ್ದೂ ನಿಜ. ಆದರೆ ಮಾಳಿಗೆಯ ಜಂತಿಗಳನ್ನು ನೋಡಿದ, ಹೊರಗಿನ ಬಿಸಿಲು ನೋಡಿದ, ಕೊನೆಗೆ ಗೋಡೆಯ ಕಡೆ ಹೊರಳಿದ.

“ನನ್ನ ಯಾಕ ಕೇಳ್ತೀರಿ? ಆಕೀನ್ನ ಕೇಳ್ರಿ.”

ಹುಲಿಗೆವ್ವ ಕತ್ತು ಉದ್ದ ಮಾಡಿ ಅಂಗಳದ ಆಚೆಗೆ ಕೂಗಿದಳು, ಬರ್ತೀಯೇನವ್ವ ಎಂದು. ಅವ್ವ ಎದ್ದು ನಿಂತಳು. ಬರುತ್ತೀಯಾ ಎಂದು ಅವಳನ್ನು ಆ ಅಂಗಳದಲ್ಲಿ ಯಾರೂ ಕೇಳಿರಲಿಲ್ಲ, ಮದುವೆಗೆ ಮುಂಚೆಯೂ ಕೇಳಿರಲಿಕ್ಕಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಬರ್ತೀನಿ ಎಂದಳು. ಅವಳು ಹೊರಸಿನ ತನಕ ನಡೆದು ಬಂದು ನಿಂತಳು. ಮುತ್ಯಾ ಗೋಡೆಯ ಕಡೆಯೇ ಮುಖ ಮಾಡಿಕೊಂಡು, ನಿದ್ದೆಯಲ್ಲಿ ಇರುವವನ ಹಾಗೆ, ಮೊಣಕಾಲು ಮಡಚಿ ಕಾಲುಗಳನ್ನು ಮೇಲೆ ಎಳೆದುಕೊಂಡ. ಹೊರಸಿನ ತುದಿಯಲ್ಲಿ ಒಬ್ಬರು ಹೋಗುವಷ್ಟು ಜಾಗವಾಯಿತು. ಅವ್ವ ಅಲ್ಲಿ ಕೈ ಊರಿ ಹಾಯ್ದು ಹೋದಳು.

ಆ ಸಂಜೆ ಅವಳು ಬಂದು ಅಡುಗೆಮನೆಯ ಒಲೆ ಹಚ್ಚಿದಳು. ಯಾರೂ ಹೇಳಿರಲಿಲ್ಲ, ಯಾರೂ ಕೇಳಲೂ ಇಲ್ಲ. ಮುತ್ಯಾ ಬಿಸಿ ರೊಟ್ಟಿಯನ್ನು ಬೆಣ್ಣೆ ಹಚ್ಚಿ ತಿಂದ. ಎಲ್ಲ ಮುಗಿಯಿತು, ಇನ್ನು ಆ ಶಬ್ದವನ್ನು ವಾಪಸು ತೆಗೆದುಕೊಳ್ಳುತ್ತಾನೆ ಎಂದು ನಾನು ದಿನವೂ ಕಾದೆ. ತೆಗೆದುಕೊಳ್ಳಲಿಲ್ಲ. ಅವನು ಸಾಯುವ ತನಕ ಅವ್ವ ಆ ಮನೆಯಲ್ಲಿ ಲೆಕ್ಕಕ್ಕೆ ಖಾರೀಜ್ ಆಗಿಯೇ ಉಳಿದಳು. ಎಣ್ಣೆ ಬೇಕಾದರೆ ಅವನು ಗೋಡೆಗೆ ಹೇಳುತ್ತಿದ್ದ, ಎಣ್ಣೆ ಬರುತ್ತಿತ್ತು. ಕೆಳಗಿನ ಓಣಿಗೆ ಪೈಪು ಬಂತು, ಅದೂ ಬೇಸಿಗೆ ಕಳೆದ ಮೇಲೆ, ಅರ್ಧ ನಳಗಳಿಗೆ ತಿರುಪೇ ಇಲ್ಲದೆ. ಹೆಂಗಸರು ಬಟ್ಟೆ ತುರುಕಿ ನೀರು ನಿಲ್ಲಿಸುತ್ತಿದ್ದರು. ಅಷ್ಟೆಲ್ಲ ರಾದ್ಧಾಂತ ಆದದ್ದು ಇಷ್ಟಕ್ಕೇನಾ ಎಂದು ನನಗೆ ಅನ್ನಿಸುತ್ತಿತ್ತು. ಹುಲಿಗೆವ್ವನಿಗೆ ಹಾಗೇನೂ ಅನ್ನಿಸಲಿಲ್ಲ. ನೀರು ಕುಡಿಯಲು ಬರುತ್ತಿತ್ತಲ್ಲ, ಅಷ್ಟು ಸಾಕಿತ್ತು ಅವಳಿಗೆ.

ಮುಂದಿನ ಚುನಾವಣೆಯಲ್ಲಿ ಆ ಜಾಗಕ್ಕಿದ್ದ ಮೀಸಲಾತಿ ಹೋಯಿತು. ಮುತ್ಯಾ ತನ್ನ ಅಣ್ಣನ ಮಗನನ್ನು ನಿಲ್ಲಿಸಿದ. ಅವ್ವ ಯಾರನ್ನೂ ಕೇಳದೆ ತಾನೂ ನಿಂತಳು. ಒಂದೇ ಮನೆಯಿಂದ ಎರಡು ಕಡೆ ಪ್ರಚಾರ, ಊರಿಗೆಲ್ಲ ನಗೆ. ಅವ್ವ ಸೋತಳು. ಅವತ್ತು ಊಟಕ್ಕೆ ಕೂತಾಗ ನಾನು, ಆಗ ದೊಡ್ಡವಳಾಗಿದ್ದೆ, ನೇರವಾಗಿ ಮುತ್ಯಾನನ್ನು ಕೇಳಿಬಿಟ್ಟೆ, ಅವ್ವನಿಗೆ ಓಟು ಹಾಕಿದೆಯೋ ಇಲ್ಲವೋ ಎಂದು. ಹಾಕಿಲ್ಲ ಎಂದ, ನಾಚಿಕೆ ಇಲ್ಲದೆ, ರೊಟ್ಟಿ ಮುರಿಯುತ್ತ. ನನಗೆ ರಕ್ತ ತಲೆಗೇರಿತು. ಪೈಪಿನ ಮಾತು, ಹೊರಸಿನ ಮಾತು, ಅವನಪ್ಪನ ಮಾತು ಎಲ್ಲವನ್ನೂ ಎತ್ತಿ ಆಡಿದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ನನ್ನ ಪರವಾಗಿ ಏನೋ ಹೇಳುತ್ತಾಳೆ ಅಂದುಕೊಂಡೆ.

“ಸುಮ್ಮನಿರು. ಓಟು ಅವರದು. ಯಾರಿಗರ ಹಾಕ್ಲಿ.”

ಅಷ್ಟು ಹೇಳಿ, ಮುತ್ಯಾನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು.